ಕಾಲೇಜಿನ ಕೌಂಟರ್ ಹಿಂದೆ ಕೂತು ಮಾಡುವ ಕೆಲಸಕ್ಕೆ ಅರ್ಥ ಇದೆಯಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಹೆಚ್ಚಾಗಿ ಎರಡು ವರ್ಷದ ಡಿಗ್ರಿ ಕೊಡುವ ಕಾಲೇಜು) ಏಳು ವರ್ಷದಿಂದ ಇದ್ದೇನೆ. ಪಾಠ ಮಾಡುವವಳಲ್ಲ, ಫೈನಾನ್ಷಿಯಲ್ ಏಡ್ ಕೌಂಟರಿನಲ್ಲಿ ಕೂರುವವಳು. ಓದಲು ಸರ್ಕಾರದ ನೆರವು ಕೇಳುವ ಫ್ಯಾಫ್ಸಾ ಅರ್ಜಿ ತುಂಬಿಸುವುದು, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಯಾಕೆ ಬಂದಿಲ್ಲ ಎಂದು ಹುಡುಕುವುದು, ಇದೇ ದಿನವಿಡೀ. ಆ ಗ್ರಾಂಟ್ ಸಾಲವಲ್ಲ, ತೀರಿಸಬೇಕಿಲ್ಲ. 2024–25ರಲ್ಲಿ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ನಮ್ಮಲ್ಲಿ ಓದುವ ಎಷ್ಟೋ ಜನರಿಗೆ ಫೀಸು, ಪುಸ್ತಕ ಎಲ್ಲ ಅದರಲ್ಲೇ.

ಹೋದ ಸೆಮಿಸ್ಟರ್ ನಲವತ್ತು ದಾಟಿದ ಒಬ್ಬರು ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು. ತಾಯಿಗೆ ಹುಷಾರಿಲ್ಲದೆ ಎರಡು ಸೆಮಿಸ್ಟರ್ ಕ್ಲಾಸ್ ಬಿಟ್ಟಿದ್ದರು. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗವಾದರೂ ಪಾಸಾಗದಿದ್ದರೆ ಗ್ರಾಂಟ್ ನಿಲ್ಲುತ್ತದೆ. ಅವರದೂ ನಿಂತಿತ್ತು. ಮೇಲ್ಮನವಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಬಿಡಿಸಿ ನೋಡಿದರೆ ಒಂದೇ ಸಾಲು: ‘ತಪ್ಪಾಯಿತು, ಇನ್ನೊಂದು ಅವಕಾಶ ಕೊಡಿ.’

‘ತಪ್ಪು ಅಂತ ಯಾಕೆ ಬರೆಯುತ್ತೀರಿ? ಏನಾಯಿತು ಅಂತ ಬರೆಯಿರಿ’ ಎಂದೆ. ತಾಯಿ ಆಸ್ಪತ್ರೆ ಸೇರಿದ ದಿನ, ಮನೆಗೆ ಬಂದ ದಿನ, ಈಗ ನೋಡಿಕೊಳ್ಳುವವರು ಯಾರು, ಎಲ್ಲ ಅಲ್ಲೇ ಕೂತು ಬರೆದರು. ಗ್ರಾಂಟ್ ವಾಪಸ್ ಬಂತು. ಆಮೇಲೆ ಅವರು ನನ್ನ ಹತ್ತಿರ ಬರಲೇ ಇಲ್ಲ. ಬರುವ ಕಾರಣವೂ ಇರಲಿಲ್ಲ ಅಲ್ವಾ?

ನನ್ನನ್ನು ಕಾಡುವುದು ಇದೇ. ನನ್ನ ಕೆಲಸ ಸರಿಯಾಗಿ ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಯಾರೋ ಒಬ್ಬರು ಮರುದಿನವೂ ಕ್ಲಾಸಿಗೆ ಹೋಗುತ್ತಾರೆ, ಅಷ್ಟೇ. ಇಂಥ ಕೆಲಸದಲ್ಲಿ ನೀವೆಲ್ಲ ವರ್ಷಗಟ್ಟಲೆ ಹೇಗೆ ಇರುತ್ತೀರಿ?

ಉತ್ತರ 1:
ನಾನು ಕೌಂಟರಿನ ಈಚೆ ನಿಂತವಳು. 36ನೇ ವಯಸ್ಸಿನಲ್ಲಿ ಅಕೌಂಟಿಂಗ್ ಓದಲು ಸೇರಿದೆ. ಮೊದಲ ಗಣಿತ ಟೆಸ್ಟಿನಲ್ಲಿ ಬರೀ 41 ಬಂತು. ಕ್ಲಾಸ್ ಬಿಡುವ ಫಾರಂ ತುಂಬಿ, ಸಹಿ ಹಾಕಿ ಆಫೀಸಿಗೆ ಹೋದೆ. ಅಲ್ಲಿದ್ದವರು ಫಾರಂ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಕ್ಯಾಲೆಂಡರ್ ನನ್ನ ಕಡೆ ತಿರುಗಿಸಿದರು. ‘ಬಿಡುವುದಕ್ಕೆ ಇನ್ನೂ ಐದು ವಾರ ಟೈಮಿದೆ. ಟ್ಯೂಟರಿಂಗ್ ಸೆಂಟರ್ ಇವತ್ತು ನಾಲ್ಕರವರೆಗೆ ತೆರೆದಿರುತ್ತದೆ.’ ಇಷ್ಟೇ ಹೇಳಿದ್ದು. ನಾನು ಸುಮ್ನೆ ಎದ್ದು ಅಲ್ಲಿಗೆ ಹೋದೆ. ಆ ಫಾರಂ ಈಗಲೂ ನನ್ನ ಹತ್ತಿರ ಇದೆ. ಪಾಸಾದ ಮೇಲೆ ಅವರಿಗೆ ಹೋಗಿ ಹೇಳಲೇ ಇಲ್ಲ. ನಿಮ್ಮ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು.

ಉತ್ತರ 2:
ಮೇಡಂ, ನಾನು 14 ವರ್ಷದಿಂದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಅಡ್ವೈಸರ್. ಗ್ರಾಜುಯೇಷನ್ ದಿನ ಗೌನ್ ಹಂಚುವ ಮೇಜಿಗೆ ನಿಮ್ಮ ಹೆಸರು ಕೊಡಿ. ನಾನು ಪ್ರತಿ ವರ್ಷ ಅಲ್ಲೇ ನಿಲ್ಲುತ್ತೇನೆ. ಕಳೆದ ಸಲ ಒಂದು ಪುಟ್ಟ ಮಗು ಅಮ್ಮನ ಟೋಪಿ ತಾನೇ ಹಾಕಿಕೊಂಡು, ಎಷ್ಟು ಕೇಳಿದರೂ ಕೊಡಲಿಲ್ಲ. ಆಕೆಯ ಫೈಲ್ ನನಗೆ ಗೊತ್ತು. ಎರಡು ವರ್ಷದ ಡಿಗ್ರಿಗೆ ಆರು ವರ್ಷ ಹಿಡಿದಿತ್ತು. ಹಾಗೇ ಇನ್ನೊಂದು: ಕೆಲಸ ಜಾಸ್ತಿಯಾಗಿ ಸುಸ್ತಾಗಿದ್ದರೆ ಮೊದಲು ರಜೆ ಹಾಕಿ. ಆ ಹೊತ್ತಿನಲ್ಲಿ ಯಾವ ಕೆಲಸವೂ ಖಾಲಿ ಅನ್ನಿಸುತ್ತದೆ, ನನಗೂ ಅನ್ನಿಸಿದೆ.

ಪ್ರಶ್ನೆ ಕೇಳಿದವಳು:
ಗೌನ್ ಮೇಜಿಗೆ ಹೆಸರು ಕೊಟ್ಟೆ. ಮತ್ತೆ, ಫಾರಂ ಇಟ್ಟುಕೊಂಡಿರುವವರೇ, ಆ ಆಫೀಸಿನವರು ಇನ್ನೂ ಅಲ್ಲಿದ್ದರೆ ದಯವಿಟ್ಟು ಅವರಿಗೆ ಎರಡು ಸಾಲು ಬರೆಯಿರಿ.