ಕಚೇರಿ, ಪ್ರಯಾಣ, ದಣಿವು: ಇವುಗಳ ನಡುವೆ ವೆಬ್ ತಂತ್ರಜ್ಞಾನ ಕಲಿಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ದೊಡ್ಡ ನಗರವೊಂದರಲ್ಲಿದ್ದೇನೆ. ಕೆಲಸ ಲೆಕ್ಕಪತ್ರ ವಿಭಾಗದಲ್ಲಿ, ಮನಸ್ಸು ವೆಬ್ ತಂತ್ರಜ್ಞಾನದಲ್ಲಿ. ಕಚೇರಿಗೆ ಹೋಗಿ ಬರಲು ಬಸ್ಸು, ಮೆಟ್ರೊ ಸೇರಿ ದಿನಕ್ಕೆ ಎರಡೂವರೆ ಗಂಟೆ ಬೇಕು. ಮನೆ ಸೇರುವ ಹೊತ್ತಿಗೆ ಮೈಯಲ್ಲಿ ಕಸುವು ಉಳಿದಿರುವುದಿಲ್ಲ. ಆದರೂ ಲ್ಯಾಪ್‌ಟಾಪ್ ತೆರೆದು ಯಾವುದೋ ಹೊಸ ಫ್ರೇಮ್‌ವರ್ಕ್‌ನ (ಪುಟ ಕಟ್ಟಲು ಬಳಸುವ ಸಿದ್ಧ ಕೋಡ್ ಚೌಕಟ್ಟಿನ) ಪಾಠವನ್ನು ಅರ್ಧ ನೋಡುತ್ತೇನೆ. ಮರುವಾರ ಇನ್ನೊಂದು. ಹೀಗೆ ಅರ್ಧಕ್ಕೆ ನಿಂತ ಹನ್ನೊಂದು ಫೋಲ್ಡರ್‌ಗಳಿವೆ. ಅವುಗಳಲ್ಲಿ ಒಂದನ್ನೂ ನಾಲ್ಕು ಜನರಿಗೆ ತೋರಿಸಿಲ್ಲ. ಇಂಥ ದಿನಚರಿಯಲ್ಲಿ ನೀವೆಲ್ಲ ಹೇಗೆ ಕಲಿತಿರಿ? ಏನನ್ನು ಕೈಬಿಟ್ಟಿರಿ? ನಗರ ಬಿಟ್ಟು ಹೋದರೆ ಸಮಯ ಸಿಕ್ಕೀತೇ ಎಂಬ ಯೋಚನೆಯೂ ಇದೆ.

ಉತ್ತರ

ನಾನೂ ಎರಡು ಗಂಟೆಯ ಪ್ರಯಾಣದವನೇ. ಮೊದಮೊದಲು ಪಾಠದ ವಿಡಿಯೊಗಳನ್ನು ಇಳಿಸಿಕೊಂಡು ದಾರಿಯಲ್ಲಿ ನೋಡುತ್ತಿದ್ದೆ. ಒಂದು ಕೈಯಲ್ಲಿ ಕಂಬ ಹಿಡಿದು ನೋಡಿದ ಪಾಠ ತಲೆಗೆ ಹತ್ತಲಿಲ್ಲ. ದಾರಿ ಬೇರೆ ಕಾರಣಕ್ಕೆ ನನ್ನ ಗುರುವಾಯಿತು.

ನಮ್ಮ ವಸತಿ ಸಮುಚ್ಚಯದವರಿಗಾಗಿ ಒಂದು ಪುಟ್ಟ ದೂರು ಪುಟ ಕಟ್ಟಿದ್ದೆ. ಲಿಫ್ಟ್ ಕೆಟ್ಟಿದೆ, ನೀರು ಬಂದಿಲ್ಲ ಎಂದು ಬರೆದು ಕಳಿಸುವುದಕ್ಕೆ. ಮನೆಯಲ್ಲಿ ಕುಳಿತು ಪರೀಕ್ಷಿಸಿದಾಗ ಎಲ್ಲವೂ ಸಲೀಸು. ಒಂದು ಸಂಜೆ ಮೆಟ್ರೊದಲ್ಲಿ ನಿಂತು ನಾನೇ ನಾಲ್ಕು ಸಾಲು ದೂರು ಬರೆದು ಕಳಿಸುವ ಗುಂಡಿ ಒತ್ತಿದೆ. ಅದೇ ಕ್ಷಣಕ್ಕೆ ರೈಲು ಸುರಂಗ ಹೊಕ್ಕಿತು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಸುರಂಗ ಮುಗಿದು ಬೆಳಕು ಬಂದರೂ ತಿರುಗುತ್ತಲೇ ಇತ್ತು. ಬೇಸತ್ತು ಪುಟವನ್ನು ಮತ್ತೆ ತೆರೆದರೆ ಬರೆದ ನಾಲ್ಕು ಸಾಲೂ ಮಾಯವಾಗಿದ್ದವು.

ಆ ರಾತ್ರಿ ಹುಡುಕಿ ಓದಿದಾಗ ಗೊತ್ತಾಯಿತು: ಸರ್ವರ್‌ಗೆ ಕೋರಿಕೆ ಕಳಿಸುವ ಬ್ರೌಸರ್‌ನ ಫೆಚ್ ಎಂಬ ಸೌಲಭ್ಯಕ್ಕೆ, ಇಷ್ಟು ಹೊತ್ತು ಕಾದು ಕೈಬಿಡು ಎಂದು ನಾವೇ ಗಡುವು ಹೇಳಬೇಕು. ಅದಕ್ಕೆ, ಕೋರಿಕೆಯನ್ನು ನಡುವೆಯೇ ನಿಲ್ಲಿಸುವ ಅಬಾರ್ಟ್ ಕಂಟ್ರೋಲರ್ ಇದೆ. ಫೋನ್ ಜಾಲಕ್ಕೆ ಸೇರಿದೆಯೇ ಎಂದು ಬ್ರೌಸರನ್ನು ಕೇಳಿದರೆ ಬರುವ 'ಹೌದು' ಎಂಬ ಉತ್ತರವನ್ನೂ ನಂಬುವಂತಿಲ್ಲ. ಸಂಪರ್ಕ ಇದ್ದಂತೆ ತೋರುತ್ತದೆ, ದತ್ತಾಂಶ ಮಾತ್ರ ಹರಿಯುತ್ತಿರುವುದಿಲ್ಲ. ಹತ್ತು ಸೆಕೆಂಡಿನ ಗಡುವು ಹಾಕಿದೆ. ಬರೆಯುತ್ತಿದ್ದಂತೆಯೇ ಕರಡು ಫೋನಿನ ಲೋಕಲ್ ಸ್ಟೋರೇಜ್‌ನಲ್ಲಿ (ಬ್ರೌಸರ್ ಫೋನಿನಲ್ಲೇ ಮಾಹಿತಿ ಇಡುವ ಜಾಗ) ಉಳಿಯುವಂತೆ ಮಾಡಿದೆ. ಇಷ್ಟಾದ ಮೇಲೆ ಮತ್ತೊಂದು ತೊಡಕು ಎದುರಾಯಿತು. ದೂರು ಸರ್ವರ್‌ಗೆ ತಲುಪಿರುತ್ತದೆ, 'ತಲುಪಿತು' ಎಂಬ ಉತ್ತರ ಸುರಂಗದಲ್ಲಿ ಕಳೆದುಹೋಗಿರುತ್ತದೆ. ಮತ್ತೆ ಕಳಿಸಿದರೆ ಒಂದೇ ದೂರು ಎರಡು ಸಲ ದಾಖಲಾಗುತ್ತದೆ. ಪ್ರತಿ ದೂರಿಗೂ ಫೋನಿನಲ್ಲೇ ಒಂದು ಗುರುತುಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ದಾಖಲಿಸದಂತೆ ಮಾಡಿದಾಗಲೇ ಅದು ಸರಿಹೋದದ್ದು. ಆ ಒಂದು ಸುರಂಗ ಕಲಿಸಿದಷ್ಟನ್ನು ಅದಕ್ಕೂ ಹಿಂದಿನ ಇಡೀ ವರ್ಷ ನಾನು ಕಲಿತಿರಲಿಲ್ಲ.

ಅಂದಿನಿಂದ ದಾರಿಯಲ್ಲಿ ಕೋಡ್ ಬರೆಯುವುದಿಲ್ಲ. ನನ್ನದೇ ಪುಟವನ್ನು ಬಳಸುತ್ತೇನೆ, ತೊಡಕು ಕಂಡಲ್ಲಿ ಫೋನಿನಲ್ಲಿ ಒಂದು ಸಾಲು ಗುರುತು ಹಾಕಿಕೊಳ್ಳುತ್ತೇನೆ. ಬಸ್ಸಿನ ಕಿಟಕಿಯಿಂದ ಬಿಸಿಲು ಬಿದ್ದಾಗ ತಿಳಿ ಬೂದು ಬಣ್ಣದ ಅಕ್ಷರ ಓದಲಾಗಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಲಿ ಎಂದು ವೆಬ್ ಸುಲಭಲಭ್ಯತೆಯ ಮಾರ್ಗಸೂಚಿ ಹೇಳುವುದು ಯಾಕೆಂದು ಆಗ ಅರ್ಥವಾಯಿತು. ಹೆಬ್ಬೆರಳಿಗೆ ಸಿಗದ ಗುಂಡಿಗಳನ್ನೂ ಹೀಗೆಯೇ ಹಿಡಿದೆ. ವಾರದ ಗುರುತುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಂಡು ಶನಿವಾರ ಬೆಳಿಗ್ಗೆ ಎರಡು ಗಂಟೆ ಕೂರುತ್ತೇನೆ. ವಾರದ ದಿನಗಳ ರಾತ್ರಿ ಲ್ಯಾಪ್‌ಟಾಪ್ ಮುಟ್ಟುವುದನ್ನು ಬಿಟ್ಟಿದ್ದೇನೆ. ಊರು ಬಿಡುವ ನಿರ್ಧಾರ ನಿಮ್ಮದು. ಆದರೆ ಅಗ್ಗದ ಫೋನು, ಕೈಕೊಡುವ ಸಿಗ್ನಲ್, ನೂಕುನುಗ್ಗಲು, ಇವೆಲ್ಲದರ ನಡುವೆ ವೆಬ್ ಬಳಸುವವರು ದಿನವೂ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಕಲಿಯುವವರಿಗೆ ಅದು ಸಣ್ಣ ಅನುಕೂಲವಲ್ಲ.

ಉತ್ತರ

ಹನ್ನೊಂದು ಫೋಲ್ಡರ್‌ಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ನನ್ನ ಬಳಿಯೂ ಅಷ್ಟೇ ಇದ್ದವು. ಪುಟ ಕಟ್ಟುವ ಸಿದ್ಧ ಸಲಕರಣೆಗಳ ಸಾಲು ನೋಡಿ: ಜೆಕ್ವೆರಿ ಬಂದದ್ದು 2006ರಲ್ಲಿ, ಆಂಗ್ಯುಲರ್‌ಜೆಎಸ್ 2010ರಲ್ಲಿ, ರಿಯಾಕ್ಟ್ 2013ರಲ್ಲಿ, ವ್ಯೂ 2014ರಲ್ಲಿ. ಒಂದೊಂದು ಬಂದಾಗಲೂ ಹಳೆಯದನ್ನು ಕೆಳಗಿಟ್ಟು ಹೊಸದರ ಹಿಂದೆ ಓಡಿದವಳು ನಾನು. ಎರಡು ವರ್ಷದ ಹಿಂದಿನ ನನ್ನದೇ ಯೋಜನೆಯೊಂದನ್ನು ಇತ್ತೀಚೆಗೆ ತೆರೆದರೆ ಅದು ಅವಲಂಬಿಸಿದ್ದ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆವೃತ್ತಿಗಳು ಒಂದಕ್ಕೊಂದು ಹೊಂದದೆ, ಓಡುವ ರೂಪಕ್ಕೆ ಬರಲೇ ಇಲ್ಲ. ಆದರೆ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ ಕಟ್ಟಿದ ಜಗತ್ತಿನ ಮೊದಲ ಜಾಲತಾಣದ ಹಳೆಯ ಪ್ರತಿಯನ್ನು ಸರ್ನ್ 2013ರಲ್ಲಿ ಮೂಲ ವಿಳಾಸದಲ್ಲೇ ಮರಳಿ ಇಟ್ಟಿತು. 1990ರ ದಶಕದ ಆರಂಭದ ಆ ಪುಟ ನನ್ನ ಇಂದಿನ ಫೋನಿನಲ್ಲಿ ಒಂದಕ್ಷರವೂ ತಪ್ಪದೆ ತೆರೆದುಕೊಂಡಿತು. ಅದನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ.

ಆಮೇಲೆ ಒಂದು ವರ್ಷ ಬರೀ ಎಚ್‌ಟಿಎಂಎಲ್ (ಪುಟದ ರಚನೆಗೆ), ಸಿಎಸ್‌ಎಸ್ (ಅಂದಕ್ಕೆ) ಮತ್ತು ತೀರಾ ಬೇಕಾದಲ್ಲಿ ಜಾವಾಸ್ಕ್ರಿಪ್ಟ್ (ಪುಟ ಕೆಲಸ ಮಾಡುವಂತೆ ಮಾಡಲು) ಎಂದು ನಿಶ್ಚಯಿಸಿಕೊಂಡೆ. ಮೊದಲು ಲೈಬ್ರರಿ ಹುಡುಕುತ್ತಿದ್ದ ಎಷ್ಟೋ ಕೆಲಸ ಈಗ ಬ್ರೌಸರ್‌ನಲ್ಲೇ ಇದೆ. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಬಂದ, ಪುಟವನ್ನು ಅಡ್ಡಸಾಲು-ಕಂಬಸಾಲುಗಳಲ್ಲಿ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಒಂದನ್ನೇ ನೆಟ್ಟಗೆ ಕಲಿತರೂ ಪುಟ ವಿನ್ಯಾಸದ ಅರ್ಧ ತಲೆನೋವು ಹೋಗುತ್ತದೆ. ನಿಮ್ಮ ಹನ್ನೊಂದರಲ್ಲಿ ನೀವೇ ನಾಳೆ ಬಳಸುವಂಥದ್ದು ಯಾವುದು ಎಂದು ನೋಡಿ. ಅದೊಂದನ್ನು ಉಳಿಸಿಕೊಳ್ಳಿ. ಉಳಿದ ಹತ್ತನ್ನು ಅಳಿಸಬೇಕಾಗಿಲ್ಲ, ಎದುರಿಗೆ ಕಾಣದ ಜಾಗಕ್ಕೆ ಸರಿಸಿದರೆ ಸಾಕು. ಮೊದಲ ಪುಟ ಕುರೂಪವಾಗಿದ್ದರೂ ಈ ತಿಂಗಳೇ ಜಾಲಕ್ಕೆ ಏರಿಸಿ. ಒಬ್ಬರಾದರೂ ಬಳಸತೊಡಗಿದರೆ ಮುಂದೆ ಏನು ಕಲಿಯಬೇಕು ಎಂಬುದನ್ನು ಅವರೇ ಹೇಳುತ್ತಾರೆ.

ಉತ್ತರ

ಯಾರೂ ಹೇಳಿಲ್ಲವಾದ್ದರಿಂದ ಒಂದು ಎಚ್ಚರಿಕೆ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ, ಕಚೇರಿಯ ಖಾತೆಯಲ್ಲಿ ಸ್ವಂತ ಯೋಜನೆಯ ಒಂದು ಸಾಲನ್ನೂ ಬರೆಯಬೇಡಿ. ನೇಮಕಾತಿ ಒಪ್ಪಂದದಲ್ಲಿ ಬೌದ್ಧಿಕ ಆಸ್ತಿಯ ಷರತ್ತು ಇದೆಯೇ ಎಂದು ಓದಿಕೊಳ್ಳಿ. ನಾನು ಓದಿರಲಿಲ್ಲ. ಊಟದ ಬಿಡುವಿನಲ್ಲಿ ಬರೆದ ಒಂದು ಸಣ್ಣ ಉಪಕರಣ ಯಾರದು ಎಂಬ ಮಾತು ಎದ್ದಾಗ ಅದನ್ನು ಬಿಟ್ಟುಕೊಡಬೇಕಾಯಿತು.

ಉತ್ತರ

ನಗರದಲ್ಲಿದ್ದೀರಿ ಎಂದರೆ ತಿಂಗಳಿಗೊಮ್ಮೆಯಾದರೂ ಇದೇ ಆಸಕ್ತಿಯವರ ಜೊತೆ ಮುಖಾಮುಖಿ ಕುಳಿತುಕೊಳ್ಳಿ. ನನಗೆ ದಾರಿ ತೋರಿಸಿದ್ದು ಅಂಥ ಒಂದು ಸಂಜೆಯೇ. ಭಾಷಣಗಳು ಮುಗಿದ ಮೇಲೆ ಪಕ್ಕದಲ್ಲಿ ಕುಳಿತಿದ್ದ ದೃಷ್ಟಿಹೀನ ಗೆಳೆಯರೊಬ್ಬರು ನನ್ನ ಜಾಲತಾಣವನ್ನು ತಮ್ಮ ಫೋನಿನಲ್ಲಿ ತೆರೆಯಲು ಹೇಳಿದರು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಬೆರಳು ಸರಿಸಿದರು. ಫೋನ್ ಹೇಳಿತು: "ಬಟನ್." ಮತ್ತೆ ಸರಿಸಿದರು. "ಬಟನ್." ಮತ್ತೊಮ್ಮೆ, "ಬಟನ್." ನನ್ನ ಕಣ್ಣಿಗೆ ಅವು ಹುಡುಕು, ಉಳಿಸು, ಅಳಿಸು ಎಂಬ ಮೂರು ಅಂದವಾದ ಚಿತ್ರಗಳು. ಅವರಿಗೆ ಹೆಸರಿಲ್ಲದ ಮೂರು ಬಾಗಿಲುಗಳು. "ಅಳಿಸುವುದು ಯಾವುದು ಎಂದು ಒತ್ತಿಯೇ ನೋಡಬೇಕೇನು?" ಎಂದು ಮೆಲ್ಲಗೆ ಕೇಳಿದರು. ನನಗೆ ಮುಖ ಎತ್ತಲಾಗಲಿಲ್ಲ.

ಗುಂಡಿಗೆ ಹೆಸರು ಕೊಡುವುದು ಅರ್ಧ ನಿಮಿಷದ ಕೆಲಸ. ಬರೀ ಚಿತ್ರವಿದ್ದರೆ ಏರಿಯಾ ಲೇಬಲ್ (aria-label, ಸ್ಕ್ರೀನ್ ರೀಡರ್ ಓದುವ ಹೆಸರು) ಸಾಕು, ಚಿತ್ರದ ಜೊತೆ ಪದವನ್ನೇ ಬರೆದರೆ ಎಲ್ಲರಿಗೂ ಒಳ್ಳೆಯದು. ಇನ್ನೂ ಮುಖ್ಯವಾದದ್ದು, ಗುಂಡಿಯಂತೆ ಕಾಣುವ ಡಿವ್ (ಅರ್ಥವಿಲ್ಲದ ಬರೀ ಪೆಟ್ಟಿಗೆ) ಬೇಡ, ನಿಜವಾದ ಬಟನ್ ಟ್ಯಾಗ್ ಬಳಸಿ. ಕೀಲಿಮಣೆಯಿಂದ ಒತ್ತುವ ಅನುಕೂಲ ಅದರ ಜೊತೆಗೇ ಬರುತ್ತದೆ. ಈಗ ಹೊಸ ಪುಟ ಕಟ್ಟಿದಾಗಲೆಲ್ಲ ಫೋನಿನ ಪರದೆಗೆ ಕರವಸ್ತ್ರ ಮುಚ್ಚಿ, ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಹಾಕಿ, ಆರಂಭದಿಂದ ಕೊನೆಯವರೆಗೆ ಒಮ್ಮೆ ಕೇಳುತ್ತೇನೆ. ದಣಿದು ಮನೆ ಸೇರುತ್ತೀರಿ ಎಂದಿರಿ, ಕಣ್ಣೂ ದಣಿದಿರುತ್ತದೆ. ಈ ಪರೀಕ್ಷೆಗೆ ಕಣ್ಣು ಬೇಕಾಗುವುದಿಲ್ಲ.

ಉತ್ತರ

ಕನ್ನಡದಲ್ಲಿ ಪುಟ ಕಟ್ಟಿ ಎಂಬುದು ನನ್ನ ಸಲಹೆ. ಇಂಗ್ಲಿಷ್ ಪಾಠಗಳಲ್ಲಿ ಎಂದೂ ಎದುರಾಗದ ಪ್ರಶ್ನೆಗಳು ಎದುರಾಗುತ್ತವೆ, ಅಡಿಪಾಯ ಗಟ್ಟಿಯಾಗುತ್ತದೆ. ನಾನೊಂದು ಪುಟದಲ್ಲಿ ಶೀರ್ಷಿಕೆ ಉದ್ದವಾದರೆ ಇಪ್ಪತ್ತನೆಯ ಅಕ್ಷರಕ್ಕೆ ಕತ್ತರಿಸು ಎಂದು ಬರೆದಿದ್ದೆ. ಒತ್ತಕ್ಷರ ಅರ್ಧಕ್ಕೇ ತುಂಡಾಗಿ, ಕೊನೆಯಲ್ಲಿ ಬರೀ ಅರ್ಧವ್ಯಂಜನ ನೇತಾಡುತ್ತಿತ್ತು. ಕಾರಣ ಹುಡುಕಲು 'ಸ್ತ್ರೀ' ಪದದ ಉದ್ದ ಎಷ್ಟು ಎಂದು ಜಾವಾಸ್ಕ್ರಿಪ್ಟನ್ನು ಕೇಳಿದೆ. ಬಂದ ಉತ್ತರ 6. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರು ಲಿಪಿಗಳನ್ನು ಉಳಿಸುವ ಯೂನಿಕೋಡ್ ಸಂಕೇತದಲ್ಲಿ ಅದು ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ. ಕತ್ತರಿಸುವ ಕೆಲಸವನ್ನು ಸಿಎಸ್‌ಎಸ್‌ಗೆ ಒಪ್ಪಿಸಿದ ಮೇಲೆ ತೊಂದರೆ ತಪ್ಪಿತು. ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನೂ ಸ್ವಲ್ಪ ಹೆಚ್ಚಿಸಿ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ನಮೂದಿಸುವುದನ್ನು ಮರೆಯಬೇಡಿ. ಮೇಲಿನವರು ಹೇಳಿದ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಎಂದು ತಿಳಿದುಕೊಳ್ಳುವುದು ಅದರಿಂದಲೇ.

ಉತ್ತರ

ನನ್ನದು ಚಿಕ್ಕ ಮಾತು. ರಾತ್ರಿ ಹನ್ನೊಂದರ ಮೇಲೆ ಹೊಸ ಆವೃತ್ತಿ ಏರಿಸಬೇಡಿ. ಏರಿಸಿದ ಮೇಲೆ ನಿದ್ದೆ ಬರುವುದಿಲ್ಲ, ಮರುದಿನದ ಪ್ರಯಾಣ ನರಕವಾಗುತ್ತದೆ. ಇನ್ನೊಂದು: ತಾಣದ ಸಂಪರ್ಕ ಸುರಕ್ಷಿತ ಎಂದು ಬ್ರೌಸರ್‌ಗೆ ತೋರಿಸಲು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಬಳಸುವುದಾದರೆ ನವೀಕರಣ ತಾನಾಗಿಯೇ ಆಗುವಂತೆ ಮಾಡಿ, ವಿಫಲವಾದರೆ ಇಮೇಲ್ ಬರುವಂತೆಯೂ ಮಾಡಿ. ನಾನು 90 ದಿನಗಳ ಅವಧಿಯ ಪ್ರಮಾಣಪತ್ರವನ್ನು ಕೈಯಾರೆ ನವೀಕರಿಸುತ್ತಿದ್ದೆ. ಒಮ್ಮೆ ಮರೆತೆ. ಬಸ್ಸಿನಲ್ಲಿದ್ದಾಗ ಗೆಳತಿ ಕರೆ ಮಾಡಿ, ನಿನ್ನ ತಾಣ ಸುರಕ್ಷಿತವಲ್ಲ ಎಂದು ಬ್ರೌಸರ್ ಹೇಳುತ್ತಿದೆ ಎಂದಳು. ಮನೆ ಸೇರುವವರೆಗೆ ಏನೂ ಮಾಡಲಾಗಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇಂದು ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಹನ್ನೊಂದು ಫೋಲ್ಡರ್‌ಗಳ ಹೆಸರನ್ನು ಬರೆದೆ. ನಾನೇ ನಾಳೆ ಬಳಸುವಂಥದ್ದು ಒಂದೇ ಇತ್ತು: ಒಂದೇ ಮನೆಯಲ್ಲಿ ಬಾಡಿಗೆಗಿರುವ ನಾವು ನಾಲ್ವರು ಖರ್ಚು ಹಂಚಿಕೊಳ್ಳುವ ಲೆಕ್ಕದ ಪುಟ. ಫ್ರೇಮ್‌ವರ್ಕ್ ತೆಗೆದು ಸಾದಾ ಎಚ್‌ಟಿಎಂಎಲ್ ಫಾರಂನಿಂದ ಮತ್ತೆ ಆರಂಭಿಸುತ್ತಿದ್ದೇನೆ. ಊರು ಬಿಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಸುರಂಗದ ಕಥೆ ಬರೆದವರಿಗೆ ಒಂದು ಸಂದೇಹ: ಕರಡು ಫೋನಿನಲ್ಲೇ ಉಳಿಯುತ್ತದೆ ಎಂದಿರಿ. ಒಂದೇ ಫೋನನ್ನು ಇಬ್ಬರು ಬಳಸುವಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಿಸುವುದಿಲ್ಲವೇ?

ಉತ್ತರ

ಕಾಣಿಸುತ್ತದೆ. ಒಳ್ಳೆಯ ಪ್ರಶ್ನೆ, ನನಗೆ ಇದು ಹೊಳೆದದ್ದು ತಡವಾಗಿ. ಸರ್ವರ್‌ನಿಂದ 'ತಲುಪಿತು' ಎಂದು ಬಂದ ಕೂಡಲೇ ಕರಡನ್ನು ಅಳಿಸಿಬಿಡಿ. 'ಕರಡು ಅಳಿಸಿ' ಎಂಬ ಗುಂಡಿಯನ್ನೂ ಎದ್ದು ಕಾಣುವಂತೆ ಇಡಿ, ಹೆಸರು ಸಮೇತ. ಗುಪ್ತಪದ, ಖಾತೆ ಸಂಖ್ಯೆ ಇರುವ ಖಾನೆಗಳನ್ನು ಉಳಿಸಲೇಬೇಡಿ. ಟ್ಯಾಬ್ ಮುಚ್ಚಿದೊಡನೆ ಹೋಗಲಿ ಎಂದಿದ್ದರೆ ಲೋಕಲ್ ಸ್ಟೋರೇಜ್ ಬದಲು ಸೆಷನ್ ಸ್ಟೋರೇಜ್ ಬಳಸಿ. ಪುಟ ಏರಿಸಿದ ದಿನ ವಿಳಾಸ ಕೊಡಿ, ಸಂಜೆಯ ಮೆಟ್ರೊದಲ್ಲಿ ಸುರಂಗ ಬರುವ ಹೊತ್ತಿಗೆ ಸರಿಯಾಗಿ ತೆರೆದು ನೋಡುತ್ತೇನೆ.