ಪೋರ್ಷೆ ಬಾಕ್ಸ್ಟರ್ 986: ಆಲ್ಟರ್ನೇಟರ್ ಹೊಸದು, ಆದರೂ ಚಾರ್ಜ್ ಕಮ್ಮಿ; ಬೆಲ್ಟ್ ಬೇರೆ ಕಿರುಚುತ್ತಿದೆ

ಹಿಂದಿನಸೀಟಿಲ್ಲ

ನನ್ನದು 1998ರ ಬಾಕ್ಸ್ಟರ್, 2.5 ಲೀಟರ್ ಎಂಜಿನ್. ರಾತ್ರಿ ಹೆಡ್‌ಲೈಟ್, ಫಾಗ್ ಲೈಟ್, ಬ್ಲೋವರ್ ಎಲ್ಲಾ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಬ್ಯಾಟರಿ ದೀಪ ಮಿಣಮಿಣ ಅನ್ನುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರಿಹೋಗುತ್ತದೆ. ಗ್ಯಾರೇಜಿನವರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಕೊಟ್ಟು ಬ್ಯಾಟರಿ ತುಂಬಿಸುವುದು) ಹೋಗಿದೆ ಅಂತ ಹೊಸದು ಹಾಕಿದರು. ದೀಪ ಹಾಗೇ ಇದೆ. ಈಗ ಬ್ಯಾಟರಿಯೂ ಹೋಗಿರಬೇಕು ಅನ್ನುತ್ತಿದ್ದಾರೆ.

ಬ್ಯಾಟರಿ ಮೇಲೆ ಮೀಟರ್ ಇಟ್ಟು ನೋಡಿದೆ. ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು 12.4 ವೋಲ್ಟ್. ಎಂಜಿನ್ ಓಡುವಾಗ ಲೈಟೆಲ್ಲಾ ಹಾಕಿದರೆ 12.9. ಏನೂ ಹಾಕದಿದ್ದರೆ 13.5ರ ಆಸುಪಾಸು.

ಇನ್ನೊಂದು ವಿಷಯ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ಕಿರ್ರೋ ಅಂತ ಸದ್ದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಬೆಲ್ಟ್ ಅಂತ ಕಾಣುತ್ತೆ. ಅದನ್ನು ನಾನೇ ಬದಲಿಸಬಹುದಾ? ಸೀಟಿನ ಹಿಂದಿನಿಂದ ಕೈ ಹಾಕಬೇಕು ಅಂತ ಕೇಳಿದ್ದೇನೆ, ನಿಜವಾ?

ಎರಡುಬಾಗಿಲು

ಆಲ್ಟರ್ನೇಟರ್ ಹೊಸದು ಅಂದಮೇಲೆ ಉಳಿದದ್ದು ಬ್ಯಾಟರಿಯೇ ಅಲ್ವಾ? ಯಾರದ್ದಾದರೂ ಒಳ್ಳೆ ಬ್ಯಾಟರಿ ಹಾಕಿ ನೋಡಿ, ಗೊತ್ತಾಗುತ್ತೆ.

ಮೀಟರ್ ಮಾವ

ಬ್ಯಾಟರಿಗೆ ಈಗಲೇ ಕೈ ಹಾಕಬೇಡಿ. ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುವುದು ರೋಗ ಹುಡುಕುವ ರೀತಿಯಲ್ಲ. ನಿಮ್ಮ ಅಂಕಿಗಳೇ ದಾರಿ ತೋರಿಸುತ್ತಿವೆ. ಲೋಡ್ ಇಲ್ಲದಾಗ 13.5, ಲೋಡ್ ಹಾಕಿದರೆ 12.9. ನಡುವೆ ಎಲ್ಲೋ ವೋಲ್ಟ್ ಸೋರುತ್ತಿದೆ. ಆಲ್ಟರ್ನೇಟರ್ ಕೊಡದೇ ಇರಬಹುದು, ಅಥವಾ ಕೊಟ್ಟದ್ದು ಬ್ಯಾಟರಿಗೆ ತಲುಪದೇ ಇರಬಹುದು. ಇವೆರಡರಲ್ಲಿ ಯಾವುದು ಅಂತ ಯಾರೂ ಅಳೆದಿಲ್ಲ. ಅದೇ ನನಗೆ ಸಿಟ್ಟು.

ಈ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದೆ, ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. ಆಲ್ಟರ್ನೇಟರ್‌ನ ದಪ್ಪ ಕೇಬಲ್ ಸ್ಟಾರ್ಟರ್ (ಎಂಜಿನ್ ಹಚ್ಚುವ ಮೋಟಾರ್) ಹತ್ತಿರ ಹೋಗಿ, ಅಲ್ಲಿಂದ ಇಡೀ ಕಾರು ದಾಟಿ ಮುಂದಕ್ಕೆ ಬರುತ್ತದೆ. ಎಂಜಿನ್ ಪಕ್ಕದ ತುಂಡಿಗೆ ವರ್ಷಗಟ್ಟಲೆ ಬಿಸಿ, ತೇವ ಎರಡೂ. ಹೊರಗಿನ ತೊಗಲು ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರ ಕಿಲುಬು ಹಿಡಿದಿರುತ್ತದೆ. ಈ ಕಾರುಗಳಲ್ಲಿ ವಯಸ್ಸಾದ ಮೇಲೆ ನಾನು ಮೊದಲು ಅನುಮಾನ ಪಡುವುದೇ ಇದನ್ನು.

ಅಳೆಯುವುದು ಹೀಗೆ. ಬ್ಯಾಟರಿಯ ಅರ್ತ್ (ಮೈನಸ್ ಕೇಬಲ್) ಬಿಚ್ಚಿ. ಆಲ್ಟರ್ನೇಟರ್‌ನ ಬಿ ಪ್ಲಸ್ ಬೋಲ್ಟಿಗೆ (ದಪ್ಪ ಕೇಬಲ್ ಕೂರುವ ಬೋಲ್ಟ್) ಫ್ಯೂಸ್ ಇರುವ ಉದ್ದನೆಯ ವೈರನ್ನು ಕ್ಲಿಪ್‌ನಿಂದ ಸಿಕ್ಕಿಸಿ. ಕ್ಲಿಪ್ ಸುತ್ತ ಟೇಪ್ ಸುತ್ತಿ, ಪಕ್ಕದ ಲೋಹಕ್ಕೆ ತಾಗಿದರೆ ಕಿಡಿ ಹಾರುತ್ತದೆ. ವೈರ್ ಬೆಲ್ಟಿನಿಂದ ದೂರ ಇರಲಿ. ಅರ್ತ್ ಮತ್ತೆ ಹಾಕಿ, ಎಂಜಿನ್ ಹಚ್ಚಿ, ಲೈಟು ಬ್ಲೋವರ್ ಎಲ್ಲಾ ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಕಡ್ಡಿ ಆ ಉದ್ದ ವೈರಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ಎರಡೂ ಪ್ಲಸ್, ಗಾಬರಿ ಬೇಡ. ಮೀಟರ್ ತೋರಿಸುವುದು ಕೇಬಲ್ ತಿಂದುಹಾಕಿದ ವೋಲ್ಟ್. 0.3ರ ಒಳಗಿದ್ದರೆ ಸರಿ. 0.5 ದಾಟಿದರೆ ಕೇಬಲ್ ಅಥವಾ ಅದರ ಜೋಡಣೆ ಕೆಟ್ಟಿದೆ ಅಂತಲೇ ಅರ್ಥ.

ಮೈನಸ್ ಕಡೆಯನ್ನೂ ಬಿಡಬೇಡಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ, ಬಾಡಿಗೂ ಅದಕ್ಕೂ ಅರ್ತ್ ಪಟ್ಟಿಯೇ ಸಂಬಂಧ. ಎಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್‌ಗೂ ನಡುವೆ 0.2ಕ್ಕಿಂತ ಜಾಸ್ತಿ ಬರಬಾರದು.

ಕೇಬಲನ್ನು ಓಮ್‌ನಲ್ಲಿ ಅಳೆದು ಸರಿ ಇದೆ ಅನ್ನುವವರ ಮಾತು ಕೇಳಬೇಡಿ. 60 ಆಂಪ್ ಹರಿಯುವಾಗ 0.018 ಓಮ್ ಇದ್ದರೂ ಸಾಕು, 1 ವೋಲ್ಟ್ ಮಂಗಮಾಯ. ಸಾದಾ ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.2 ಓಮ್ ತೋರಿಸುತ್ತದೆ. ಅದರಲ್ಲಿ ಇದನ್ನು ಹೇಗೆ ಹಿಡಿಯುತ್ತೀರಿ? ಆ 1 ವೋಲ್ಟ್ ಎಲ್ಲಿಗೂ ಹೋಗುವುದಿಲ್ಲ, 60 ವ್ಯಾಟ್ ಬಿಸಿಯಾಗಿ ಅದೇ ಕೇಬಲಿನಲ್ಲಿ ಕೂತಿರುತ್ತದೆ. ಲಗ್ (ಕೇಬಲ್ ತುದಿಯ ಲೋಹದ ಬಳೆ) ಸುತ್ತ ತೊಗಲು ಗಟ್ಟಿಯಾಗಿ ಕಪ್ಪಾಗಿದೆಯಾ ನೋಡಿ.

ಮಿಣಮಿಣ ದೀಪಕ್ಕೂ ಇದೇ ಕಾರಣ ಇರಬಹುದು. ಆ ದೀಪದ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಆಲ್ಟರ್ನೇಟರ್. ಎರಡೂ ಕಡೆ ಸಮ ಇದ್ದರೆ ಆರಿರುತ್ತದೆ. ಅಂತರ ಬಂದರೆ ಮಂದವಾಗಿ ಹೊತ್ತಿಕೊಳ್ಳುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಟೆಸ್ಟ್’ ಮಾಡುವ ಹಳೇ ಚಾಳಿ ಮಾತ್ರ ಬೇಡ. ಒಮ್ಮೆಲೇ ವೋಲ್ಟೇಜ್ ಜಿಗಿದು ಕಾರಿನ ಕಂಪ್ಯೂಟರ್ ಸುಟ್ಟರೆ ಅಳುವುದಕ್ಕೂ ಆಗಲ್ಲ.

ಬೆಲ್ಟಿನ ಸದ್ದಿಗೆ ಸುಲಭದ ಪರೀಕ್ಷೆ ಇದೆ. ಸದ್ದು ಬರುವಾಗ ಬೆಲ್ಟಿನ ರಿಬ್ (ಉದ್ದುದ್ದ ಏಣು) ಇರುವ ಬದಿಗೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಸದ್ದು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ. ಬೆಲ್ಟಿಗೆ ಹಚ್ಚುವ ಸ್ಪ್ರೇ, ಮೇಣ ಏನೂ ಬೇಡ. ಧೂಳು ಅಂಟಿಸಿಕೊಳ್ಳುತ್ತೆ, ಅಷ್ಟೇ.

ಹಿಂದಿನಸೀಟಿಲ್ಲ

ಮಾವ, ಅಳೆದೆ. ಎಲ್ಲಾ ಲೋಡ್ ಹಾಕಿದಾಗ ಪ್ಲಸ್‌ನಿಂದ ಪ್ಲಸ್‌ಗೆ 1.1. ಅರ್ತ್ ಕಡೆ 0.1. ಆಲ್ಟರ್ನೇಟರ್ ಮೇಲೇ ನೋಡಿದರೆ 14.1 ಇದೆ! ನೀರು ಹಾಕಿದರೆ ಸದ್ದು ಜೋರಾಯಿತು. ಬೆಲ್ಟಿನಲ್ಲಿ ಬಿರುಕು ಒಂದೂ ಇಲ್ಲ, ಅದೇ ಆಶ್ಚರ್ಯ.

ಮೀಟರ್ ಮಾವ

ಹೊಸ ಆಲ್ಟರ್ನೇಟರ್ ಪಾಪ ತನ್ನ ಕೆಲಸ ಮಾಡುತ್ತಲೇ ಇದೆ. ಹಳೆಯದೂ ಮಾಡುತ್ತಿತ್ತೋ ಏನೋ. ಆಲ್ಟರ್ನೇಟರ್‌ನಿಂದ ಸ್ಟಾರ್ಟರ್‌ವರೆಗಿನ ಕೇಬಲ್ ಬದಲಿಸಿ.

ಬಿರುಕಿಲ್ಲ ಅಂತ ಬೆಲ್ಟ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಈಗಿನ ಬೆಲ್ಟ್‌ಗಳು ಇಪಿಡಿಎಂ ರಬ್ಬರಿನವು, ಹಳೇ ನಿಯೋಪ್ರೀನ್ ತರಹ ಬಿರುಕು ಬಿಡುವುದು ಕಮ್ಮಿ. ಟಯರ್ ಸವೆದ ಹಾಗೆ ಸವೆಯುತ್ತವೆ. ರಿಬ್‌ಗಳ ನಡುವಿನ ತಗ್ಗು ಅಗಲವಾಗಿ, ಪುಲ್ಲಿಯ ಏಣು ತಳಕ್ಕೆ ತಾಗತೊಡಗುತ್ತದೆ. ಪಕ್ಕದ ಹಿಡಿತ ಹೋಗುತ್ತದೆ, ಬೆಲ್ಟ್ ಜಾರುತ್ತದೆ. ಸ್ಟಾರ್ಟ್ ಆದ ತಕ್ಷಣ ಆಲ್ಟರ್ನೇಟರ್ ಹೆಚ್ಚು ಲೋಡ್ ಎಳೆಯುತ್ತದೆ, ಅದಕ್ಕೇ ಸದ್ದು ಆಗ ಮಾತ್ರ.

ಹೌದು, ಸೀಟಿನ ಹಿಂದಿನಿಂದಲೇ ದಾರಿ. ಸೀಟುಗಳನ್ನು ಮುಂದಕ್ಕೆ ತಳ್ಳಿ, ಕಾರ್ಪೆಟ್ ತೆಗೆದರೆ ತಗಡಿನ ಮುಚ್ಚಳ ಸಿಗುತ್ತದೆ. ಅದರ ಹಿಂದೆಯೇ ಬೆಲ್ಟ್. ಬ್ಯಾಟರಿ ಅರ್ತ್ ಮೊದಲೇ ಬಿಚ್ಚಿರಿ, ಎಂಜಿನ್ ತಣ್ಣಗಿರಲಿ. ಬಿಚ್ಚುವ ಮುಂಚೆ ಬೆಲ್ಟಿನ ದಾರಿಯ ಫೋಟೋ ತೆಗೆಯಿರಿ. ಒಂದೇ ಬೆಲ್ಟ್ ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ಎಸಿ, ವಾಟರ್ ಪಂಪ್ ಎಲ್ಲವನ್ನೂ ಸುತ್ತಿಕೊಂಡು ಬರುತ್ತದೆ. ಕೈಗೆ ಬಂದ ಮೇಲೆ ಯಾವುದು ಎಲ್ಲಿತ್ತು ಅಂತ ನೆನಪಿರುವುದಿಲ್ಲ.

ಟೆನ್ಶನರ್‌ಗೆ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಸ್ಪ್ರಿಂಗ್ ಪುಲ್ಲಿ) 24 ಎಂಎಂ ಸಾಕೆಟ್, ಉದ್ದ ಹಿಡಿಕೆ. ಸ್ಪ್ರಿಂಗ್ ಬಲವಾಗಿದೆ, ಬೆರಳು ನಡುವೆ ಸಿಗದಂತೆ ನೋಡಿಕೊಳ್ಳಿ. ಟೆನ್ಶನರ್ ಸಡಿಲಿಸಿ, ಕೈಗೆಟಕುವ ಪುಲ್ಲಿಯಿಂದ ಬೆಲ್ಟ್ ಜಾರಿಸಿ, ನಿಧಾನಕ್ಕೆ ಬಿಡಿ.

ಬೆಲ್ಟ್ ಹೊರಗಿರುವಾಗ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಈ ಅವಕಾಶ ಮತ್ತೆ ಸಿಗಲ್ಲ. ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವ ಖಾಲಿ ಪುಲ್ಲಿ) ಗರಗರ ಅಂದರೆ ಬದಲಿಸಿ. ಗ್ರೀಸ್ ಒಣಗಿ ಬುಗುರಿಯಂತೆ ಸರಾಗ ತಿರುಗುತ್ತಲೇ ಇದ್ದರೂ ಬದಲಿಸಿ. ವಾಟರ್ ಪಂಪ್ ಪುಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಅಥವಾ ಕೂಲಂಟ್ ಕಲೆ ಕಂಡರೆ ಬೆಲ್ಟ್ ಹಾಕುವ ಮೊದಲೇ ಪಂಪ್ ವಿಚಾರ ಮುಗಿಸಿ. ಬೆಲ್ಟ್ ಮೇಲೆ ಕೂಲಂಟ್ ಬಿದ್ದರೂ ಜಾರುತ್ತದೆ.

ಕೇಬಲಿಗಾಗಿ ಆಲ್ಟರ್ನೇಟರ್ ಎತ್ತಬೇಕಾಗುತ್ತದೆ. ಉದ್ದ ಬೋಲ್ಟ್ ಬಿಚ್ಚಿದ ಮೇಲೂ ಅದು ಕಚ್ಚಿಕೊಂಡೇ ಇದ್ದರೆ ಮೀಟುಕೋಲು ಹಾಕಿ ಜಗ್ಗಬೇಡಿ. ಬೋಲ್ಟನ್ನು ಕೆಲವು ಸುತ್ತು ಮಾತ್ರ ಸಡಿಲಿಸಿ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹಿಂದಿನ ಉಕ್ಕಿನ ಬುಷ್ ಸರಿಯುತ್ತದೆ, ಹಿಡಿತ ಬಿಡುತ್ತದೆ.

ಹೊಸ ಬೆಲ್ಟ್ ಹಾಕುವಾಗ ಆರು ರಿಬ್ ಆರೂ ಗ್ರೂವ್‌ನಲ್ಲೇ ಕೂರಬೇಕು. ಮೇಲಿನ ಪುಲ್ಲಿಗಳು ಕಣ್ಣಿಗೆ ಕಾಣುತ್ತವೆ. ಮೋಸ ಮಾಡುವುದು ಕೆಳಗಿನ ಕ್ರ್ಯಾಂಕ್ ಪುಲ್ಲಿ. ಟಾರ್ಚ್, ಸಣ್ಣ ಕನ್ನಡಿ ಇಟ್ಟು ನೋಡಿ, ಬೆರಳ ತುದಿಯಿಂದ ಎರಡೂ ಅಂಚು ಸವರಿ. ಒಂದು ಬದಿಯಲ್ಲಿ ಖಾಲಿ ಗ್ರೂವ್, ಇನ್ನೊಂದು ಬದಿಯಲ್ಲಿ ಹೊರಗೆ ಜೋತ ರಿಬ್ ಸಿಕ್ಕಿದರೆ ಒಂದು ಸಾಲು ತಪ್ಪಿದೆ. ಹಾಗೇ ಸ್ಟಾರ್ಟ್ ಮಾಡಿದರೆ ಹೊಸ ಬೆಲ್ಟಿನ ಅಂಚು ದಾರದಾರವಾಗಿ ಬಿಚ್ಚಿಕೊಳ್ಳುತ್ತದೆ. ಎಂಜಿನನ್ನು ಅದು ಓಡುವ ದಿಕ್ಕಿಗೇ ಸ್ಪ್ಯಾನರ್‌ನಿಂದ ಎರಡು ಸುತ್ತು ತಿರುಗಿಸಿ, ಮತ್ತೆ ನೋಡಿ, ಆಮೇಲೆ ಕೀ.

ಮುಂದೆ ಯಾವತ್ತಾದರೂ ಓಡಿಸುವಾಗ ಬ್ಯಾಟರಿ ದೀಪ ಹೊತ್ತಿ, ಸ್ಟೀರಿಂಗೂ ಭಾರ ಆದರೆ ಬೆಲ್ಟ್ ಹೋಯಿತು ಅಂತ ತಿಳಿಯಿರಿ. ವಾಟರ್ ಪಂಪೂ ನಿಂತಿರುತ್ತದೆ. ಮನೆ ಹತ್ತಿರಾನೇ ಇದೆ ಅಂತ ಹೋಗಬೇಡಿ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

ಕೈಯಲ್ಲಿಗ್ರೀಸ್

ಒಂದು ಮಾತು ಸೇರಿಸುತ್ತೇನೆ. ಮಾವ ಹೇಳಿದ ಬೆಲ್ಟ್ ಕ್ರಮ ತಾನೇ ಬಿಗಿಯುವ ಟೆನ್ಶನರ್ ಇರುವ ಕಾರುಗಳಿಗೆ. ನನ್ನ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರಲ್ಲಿ ಅದಿಲ್ಲ. ಆಲ್ಟರ್ನೇಟರ್‌ನ ಬೋಲ್ಟ್‌ಗಳನ್ನು ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ ನಾವೇ ಬಿಗಿಯಬೇಕು. ಸದ್ದು ಬರುತ್ತೆ ಅಂತ ತಂತಿ ಮೀಟಿದ ಹಾಗೆ ಬಿಗಿದರೆ ಆಲ್ಟರ್ನೇಟರ್, ವಾಟರ್ ಪಂಪ್ ಎರಡರ ಬೇರಿಂಗೂ ಹೋಗುತ್ತದೆ. ಕೈಪಿಡಿಯಲ್ಲಿ ಎಷ್ಟು ಬಾಗಬೇಕು ಅಂತ ಇದೆಯೋ ಅಷ್ಟೇ.

ಹಿಂದಿನಸೀಟಿಲ್ಲ

ಎರಡೂ ಮುಗಿಯಿತು. ಹಳೇ ಕೇಬಲಿನ ತೊಗಲನ್ನು ಲಗ್ ಪಕ್ಕದಲ್ಲಿ ಸೀಳಿ ನೋಡಿದೆ. ತಾಮ್ರದ ಬಣ್ಣವೇ ಇಲ್ಲ. ಹಸಿರು ಪುಡಿ, ಒಳಗೆ ಕರ್ರಗಿನ ಎಳೆಗಳು, ಬಗ್ಗಿಸಿದರೆ ಪಟಪಟ ಮುರಿಯುತ್ತವೆ. ಒಂದು ಐಡ್ಲರ್ ಗರಗರ ಅನ್ನುತ್ತಿತ್ತು, ಅದನ್ನೂ ಬದಲಿಸಿದೆ. ಕೆಳಗಿನ ಪುಲ್ಲಿಯಲ್ಲಿ ಬೆಲ್ಟ್ ಕೂರಿಸುವುದೇ ದೊಡ್ಡ ಕೆಲಸ, ತಲೆಕೆಳಗಾಗಿ ಮಲಗಿ ಸೊಂಟ ಹಿಡಿದುಹೋಯಿತು.

ಈಗ ಎಲ್ಲಾ ಲೋಡ್ ಹಾಕಿದಾಗ ಆಲ್ಟರ್ನೇಟರ್ ಹತ್ತಿರ 14.1, ಬ್ಯಾಟರಿಯಲ್ಲಿ 13.8. ದೀಪ ಆರಿದೆ, ಕಿರುಚಾಟವೂ ಇಲ್ಲ. ಆದರೆ ಬೆಳಿಗ್ಗೆ ಬ್ಯಾಟರಿ ಇನ್ನೂ 12.4 ತೋರಿಸುತ್ತಿದೆ. ಕದ್ದು ಕರೆಂಟ್ ಎಳೆಯುವುದು ಏನಾದರೂ ಇದೆಯಾ?

ಮೀಟರ್ ಮಾವ

ಇರಬಹುದು, ಆದರೆ ಮೊದಲು ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. ಇಷ್ಟು ಕಾಲ ಅರೆಹೊಟ್ಟೆಯಲ್ಲಿತ್ತು, ಚಿಕ್ಕಪುಟ್ಟ ಓಡಾಟದಲ್ಲಿ ತುಂಬುವುದಿಲ್ಲ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ನೋಡಿ. 12.6 ನಿಂತರೆ ಬ್ಯಾಟರಿ ಬದುಕಿದೆ. ಅರ್ತ್ ಬಿಚ್ಚಿಟ್ಟಾಗಲೂ ಇಳಿದರೆ ಬ್ಯಾಟರಿಯೇ ಹೋಗಿದೆ. ಅರ್ತ್ ಹಾಕಿದಾಗ ಮಾತ್ರ ಇಳಿದರೆ, ಕಾರು ಲಾಕ್ ಮಾಡಿ ಅದು ನಿದ್ದೆಗೆ ಹೋಗುವಷ್ಟು ಹೊತ್ತು ಬಿಟ್ಟು, ಮೈನಸ್ ಸಾಲಿನಲ್ಲಿ ಆಂಪ್ ಮೀಟರ್ ಸೇರಿಸಿ ನೋಡಿ. 50 ಮಿಲಿಆಂಪ್ ದಾಟಿದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ, ಯಾವುದಕ್ಕೆ ಇಳಿಯಿತು ಅಂತ ಇಲ್ಲಿ ಬರೆಯಿರಿ.