ಮೊದಲ ಹಳೆಯ ಕೈಗಡಿಯಾರ ಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ:

ಹಳೆಯ ಯಾಂತ್ರಿಕ ಕೈಗಡಿಯಾರವೊಂದನ್ನು ಮೊದಲ ಬಾರಿಗೆ ಕೊಳ್ಳಲು ಹೊರಟಿದ್ದೇನೆ. 1960ರ ದಶಕದ್ದೆಂದು ಹೇಳಲಾದ, ಕೀಲಿ ಕೊಡುವ, ಮೂರು ಮುಳ್ಳಿನ ಸ್ವಿಸ್ ವಾಚೊಂದು ಮನಸ್ಸಿಗೆ ಹಿಡಿಸಿದೆ. ಅದರ ಡಯಲ್ ನಿನ್ನೆ ತಯಾರಾದಂತೆ ಹೊಳೆಯುತ್ತಿದೆ; ಸರ್ವಿಸ್ ಆಗಿದೆ, ಚೆನ್ನಾಗಿ ನಡೆಯುತ್ತಿದೆ ಎಂದು ಮಾರುವವರು ಹೇಳುತ್ತಾರೆ. ಅದೇ ಕಾಲದ ಕ್ರೊನೊಗ್ರಾಫ್ (ಗುಂಡಿ ಒತ್ತಿ ಸಮಯ ಅಳೆಯಬಹುದಾದ ವಾಚು) ಒಂದರ ಮೇಲೂ ಕಣ್ಣಿದೆ. ಈ ದಾರಿಯಲ್ಲಿ ಮೊದಲೇ ನಡೆದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ:

ತಾವು ಮೆಚ್ಚಿಕೊಂಡಿರುವ ಆ ಹೊಳಪೇ ನನಗೆ ಅನುಮಾನ ಹುಟ್ಟಿಸುತ್ತಿದೆ. ನಾನು ಕೊಂಡ ಮೊದಲ ವಾಚಿನ ಡಯಲ್ ಕೂಡ ಹೀಗೆಯೇ ಫಳಫಳ ಎನ್ನುತ್ತಿತ್ತು. ಅದು ಹಳೆಯ ಡಯಲಿನ ಬಣ್ಣವನ್ನು ಕೆರೆದು ತೆಗೆದು, ಮೇಲೆ ಹೊಸದಾಗಿ ಅಚ್ಚು ಹಾಕಿದ್ದೆಂಬುದು ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಅದೇ ಮಾದರಿಯ ಮೂಲ ಡಯಲನ್ನು ಪಕ್ಕದಲ್ಲಿಟ್ಟು ನೋಡಿದಾಗ. ನನ್ನದರಲ್ಲಿ ಕಂಪನಿಯ ಹೆಸರಿನ ಅಕ್ಷರಗಳು ದಪ್ಪವಾಗಿದ್ದವು, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂಡುತ್ತಿರಲಿಲ್ಲ, 6ರ ಗುರುತಿನ ಕೆಳಗೆ ಇರಬೇಕಾಗಿದ್ದ 'ಸ್ವಿಸ್' ಎಂಬ ಪುಟ್ಟ ಬರಹವಂತೂ ಇರಲೇ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಕೈಯಲ್ಲಿದ್ದಿದ್ದರೆ ಇಷ್ಟನ್ನೂ ಕೊಳ್ಳುವ ಮೊದಲೇ ಕಂಡುಕೊಳ್ಳಬಹುದಾಗಿತ್ತು.

ಡಯಲಿನ ಬಗ್ಗೆ ಇಷ್ಟೊಂದು ಹೇಳುವುದಕ್ಕೆ ಕಾರಣವಿದೆ. ಗಾಜು ಅಕ್ರಿಲಿಕ್ ಆಗಿದ್ದರೆ ಅದರ ಗೀರುಗಳನ್ನು ಉಜ್ಜಿ ತೆಗೆಯಬಹುದು, ಇಲ್ಲವೇ ಗಾಜನ್ನೇ ಬದಲಿಸಬಹುದು; ಬೆಲ್ಟಿಗೆ ಬೆಲೆಯೇ ಇಲ್ಲ; ಒಳಗಿನ ಯಂತ್ರ ಸಾಮಾನ್ಯ ಬಗೆಯದಾಗಿದ್ದರೆ ಅದಕ್ಕೂ ಬಿಡಿಭಾಗ ಸಿಗುತ್ತದೆ. ಆದರೆ ಒಮ್ಮೆ ಕೆರೆದುಹೋದ ಮೂಲ ಡಯಲನ್ನು ಯಾರೂ ಮರಳಿ ತರಲಾರರು. ಆದ್ದರಿಂದ ಸಮನಾಗಿ ಮಾಸಿದ, ಅಂಚಿನಲ್ಲಿ ಒಂದೆರಡು ಕಲೆಗಳಿರುವ ಡಯಲ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಇದು ನನ್ನ ರುಚಿ ಎಂದರೂ ಸರಿಯೇ.

ಕವಚವನ್ನು ನೋಡುವಾಗ ಹಿಂಬದಿಯ ಬರಹವನ್ನು ಗಮನವಿಟ್ಟು ಓದಿ. 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದು ಕೊರೆದಿದ್ದರೆ ಉಕ್ಕಿನದು ಆ ಮುಚ್ಚಳವೊಂದೇ. ಉಳಿದ ಕವಚ ಹೆಚ್ಚಾಗಿ ಲೇಪ ಹಾಕಿದ ಹಿತ್ತಾಳೆಯಾಗಿರುತ್ತದೆ, ಬೆಲ್ಟ್ ಸೇರುವ ಕೊಂಬುಗಳ ತುದಿಯಲ್ಲಿ ಲೇಪ ಸವೆದು ಹಳದಿ ಬಣ್ಣ ಇಣುಕುತ್ತಿರುತ್ತದೆ. ಅತಿಯಾಗಿ ಪಾಲಿಶ್ ಮಾಡಿದ ಕವಚದ ಅಂಚುಗಳು ಬಳಸಿ ಸವೆದ ಸೋಪಿನಂತೆ ಗುಂಡಗಾಗಿರುತ್ತವೆ.

'ಸರ್ವಿಸ್ ಆಗಿದೆ' ಎಂಬ ಮಾತನ್ನು, ಯಾವಾಗ ಮತ್ತು ಯಾರಿಂದ ಎಂಬ ಉತ್ತರ ಸಿಗುವವರೆಗೆ, ಆಗಿಲ್ಲವೆಂದೇ ತಿಳಿದುಕೊಂಡು ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ನಡೆಯುತ್ತಿದೆ ಎಂದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ. ಎಣ್ಣೆ ಒಣಗಿದ ಯಂತ್ರವೂ ನಡೆಯುತ್ತದೆ, ನಡೆಯುತ್ತಲೇ ತನ್ನ ಚಕ್ರಗಳ ಅಚ್ಚಿನ ತುದಿಗಳನ್ನು ತಾನೇ ಸವೆಸಿಕೊಳ್ಳುತ್ತದೆ. ವಾಚಿನ ಟಿಕ್‌ಟಿಕ್ ಸದ್ದಿನಿಂದ ಅದರ ನಡಿಗೆಯನ್ನು ಅಳೆಯುವ ಟೈಮ್‌ಗ್ರಾಫರ್ ಎಂಬ ಉಪಕರಣದ ಮೇಲಿಟ್ಟ ಚಿತ್ರವನ್ನು ಕೇಳಿ: ಪೂರ್ತಿ ಕೀಲಿ ಕೊಟ್ಟು ಡಯಲ್ ಮೇಲ್ಮುಖವಾಗಿ ಮಲಗಿಸಿದಾಗ ಹಿಂದೆ ಮುಂದೆ ತೂಗುತ್ತ ಸಮಯ ಕಾಯುವ ತೂಗುಚಕ್ರ ತಿರುಗುವ ಪ್ರಮಾಣ 270 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 200ಕ್ಕಿಂತ ಕೆಳಗಿದ್ದರೆ ಯಂತ್ರ ಬಿಚ್ಚಿ ಶುಚಿ ಮಾಡಿಸುವುದು ತಪ್ಪಿದ್ದಲ್ಲ. ಮುಚ್ಚಳ ತೆಗೆದ ಚಿತ್ರವನ್ನಂತೂ ಕೇಳಲೇಬೇಕು. ಅದನ್ನು ಕೊಡಲು ಒಪ್ಪದವರಿಂದ ನಾನು ಈಗ ಕೊಳ್ಳುವುದಿಲ್ಲ.

ಎರಡನೆಯ ಉತ್ತರ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಮಾತನ್ನು ಬಿಟ್ಟು. ಮೊದಲ ವಾಚನ್ನು ದಿನವೂ ಕಟ್ಟಿಕೊಳ್ಳುವ ಆಸೆಯಿದ್ದರೆ ಡಯಲಿಗಿಂತ ಮೊದಲು ಯಂತ್ರವನ್ನು ಆರಿಸಬೇಕೆಂಬುದು ನನ್ನ ನಿಲುವು. ನಾನು ಕ್ರೊನೊಗ್ರಾಫಿನಿಂದಲೇ ಆರಂಭಿಸಿದೆ, ಮೂಲ ಡಯಲೇ ಇತ್ತು. ಗುಂಡಿ ಒತ್ತಿದರೆ ಸೆಕೆಂಡಿನ ಮುಳ್ಳು ಸೊನ್ನೆಗೆ ಮರಳದೆ ಎರಡು ಗೆರೆ ಆಚೆಗೆ ನಿಲ್ಲುತ್ತಿತ್ತು. ಸಣ್ಣ ದೋಷವೆಂದುಕೊಂಡಿದ್ದೆ. ಅದನ್ನು ಬಿಚ್ಚಲು ಒಪ್ಪುವ ಕುಶಲಕರ್ಮಿಯನ್ನು ಹುಡುಕಲು ಅರ್ಧ ವರ್ಷ ಹಿಡಿಯಿತು, ರಿಪೇರಿಯ ಖರ್ಚು ವಾಚಿನ ಬೆಲೆಯನ್ನೂ ಮೀರಿತು. ಮೂರು ಮುಳ್ಳಿನ ವಾಚಿಗೆ ಹೋಲಿಸಿದರೆ ಕ್ರೊನೊಗ್ರಾಫಿನಲ್ಲಿ ಸನ್ನೆಕೋಲುಗಳು, ಚಕ್ರಗಳು, ಸ್ಪ್ರಿಂಗುಗಳು ಎಲ್ಲವೂ ಹೆಚ್ಚು, ಒಂದನ್ನೊಂದು ಹೊಂದಿಸುವ ಕೆಲಸ ಅದಕ್ಕಿಂತ ಹೆಚ್ಚು.

ಜಪಾನಿನ ವಾಚುಗಳನ್ನೂ ಒಮ್ಮೆ ನೋಡಿ. 1963ರಲ್ಲಿ ಆರಂಭವಾದ ಸೀಕೊ ಕಂಪನಿಯ 'ಸೀಕೊ 5' ಸಾಲಿನ ಸ್ವಯಂಚಾಲಿತ (ಕೈ ಅಲುಗಿದಂತೆ ತಾವೇ ಕೀಲಿ ಸುತ್ತಿಕೊಳ್ಳುವ) ವಾಚುಗಳು ಅಪಾರ ಸಂಖ್ಯೆಯಲ್ಲಿ ತಯಾರಾದವು. ಆ ಕಾಲದ ಸೀಕೊಗಳ ಹಿಂಬದಿಯ ಕ್ರಮಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯನ್ನೂ, ಎರಡನೆಯ ಅಕ್ಷರ ತಿಂಗಳನ್ನೂ ಹೇಳುತ್ತದೆ. ಯಾವ ದಶಕ ಎಂಬುದನ್ನು ಮಾತ್ರ ಯಂತ್ರದ ಮಾದರಿಯಿಂದ ತಿಳಿಯಬೇಕು. ಮುಚ್ಚಳದ ಸಂಖ್ಯೆಯ ಕಾಲಕ್ಕೂ ಒಳಗಿನ ಯಂತ್ರಕ್ಕೂ ಹೊಂದಿಕೆ ಇಲ್ಲದಿದ್ದರೆ ಅದು ಎರಡು ಮೂರು ವಾಚುಗಳನ್ನು ಕೂಡಿಸಿ ಮಾಡಿದ ವಾಚು ಎಂದು ಸಂಶಯಪಡಬಹುದು. ಹೊಸಬರಿಗೆ ಇದು ಒಳ್ಳೆಯ ಪಾಠಶಾಲೆ.

ಮೂರನೆಯ ಉತ್ತರ:

ಕತ್ತಲಲ್ಲಿ ಹೊಳೆಯುವ ಬಣ್ಣದ ವಿಷಯವನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. 1960ರ ದಶಕದವರೆಗೂ ಹಲವು ವಾಚುಗಳ ಮುಳ್ಳು ಮತ್ತು ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬೆರೆತ ಬಣ್ಣವನ್ನು ಹಚ್ಚುತ್ತಿದ್ದರು. ಅದು ಇಂದು ಹೊಳೆಯುವುದಿಲ್ಲ ಎಂದು ನಿಶ್ಚಿಂತರಾಗಬೇಡಿ. ಸತ್ತಿರುವುದು ಬೆಳಕು ಕೊಡುವ ಸತುವಿನ ಸಂಯುಕ್ತ, ರೇಡಿಯಂ ಅಲ್ಲ. ಅದರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ) ಸುಮಾರು 1,600 ವರ್ಷ. ಉದುರಿದ ಪುಡಿ ಉಸಿರಿನೊಂದಿಗೆ ಒಳಗೆ ಹೋಗುವುದೇ ದೊಡ್ಡ ಅಪಾಯವಾದ್ದರಿಂದ ಅಂಥ ವಾಚನ್ನು ಮನೆಯಲ್ಲಿ ಬಿಚ್ಚಲೇಬಾರದು. ನಂತರ ಬಂದ ಟ್ರಿಟಿಯಮ್ಮಿನ ಅರ್ಧಾಯುಷ್ಯ ಸುಮಾರು 12.3 ವರ್ಷ, ಅಂಥ ಡಯಲಿನ ಕೆಳ ಅಂಚಿನಲ್ಲಿ ಸಾಮಾನ್ಯವಾಗಿ 'ಟಿ' ಎಂಬ ಇಂಗ್ಲಿಷ್ ಅಕ್ಷರವಿರುತ್ತದೆ. ಮುಳ್ಳಿನ ಬಣ್ಣ ಬಿಳಿ, ಅಂಕಿಗಳ ಬಣ್ಣ ಕಂದು ಎಂದಿದ್ದರೆ ಯಾವುದೋ ಒಂದು ಬದಲಾಗಿರುವ ಸಂಭವ ಹೆಚ್ಚು.

ನೀರಿನ ವಿಚಾರದಲ್ಲಿ ಮುಚ್ಚಳದ ಮೇಲೆ ಏನೇ ಬರೆದಿರಲಿ, ನೀರು ತಡೆಯುವ ಒಳಗಿನ ರಬ್ಬರ್ ಉಂಗುರ ಹೆಚ್ಚಾಗಿ ವಾಚಿನಷ್ಟೇ ಮುದಿಯಾಗಿರುತ್ತದೆ. ಕೈ ತೊಳೆಯುವಾಗಲೂ ನಾನು ಬಿಚ್ಚಿಡುತ್ತೇನೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ಮುಚ್ಚಳ ತೆಗೆದ ಚಿತ್ರವನ್ನು ಕೇಳಿದೆ, ಮಾರುವವರು ತಡಮಾಡದೆ ಕಳುಹಿಸಿದರು. ಯಂತ್ರ ಶುಚಿಯಾಗಿದೆ. ಆದರೆ ಡಯಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ 'ಸ್ವಿಸ್' ಎಂಬ ಬರಹ ನಿಮಿಷದ ಗೆರೆಗಳ ಮೇಲೆಯೇ ಹತ್ತಿ ಕುಳಿತಿದೆ. ಇದನ್ನು ಇಷ್ಟು ದಿನ ನಾನು ನೋಡಿಯೂ ನೋಡಿರಲಿಲ್ಲ. ಕ್ರೊನೊಗ್ರಾಫಿನ ಆಸೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅವರ ಬಳಿಯೇ ಅದೇ ಮಾದರಿಯ ಇನ್ನೊಂದು ವಾಚಿದೆಯಂತೆ: ಗಾಜು ಬಿರುಕು ಬಿಟ್ಟಿದೆ, ಬೆಲ್ಟ್ ಇಲ್ಲ, ಡಯಲ್ ದಂತದ ಬಣ್ಣಕ್ಕೆ ತಿರುಗಿದೆ. ಅದರ ಚಿತ್ರಗಳು ನಾಳೆ ಬರುತ್ತವೆ.